ಮೇಕಿಂಗ್ ಡಾಕ್ಯುಮೆಂಟರಿಯಲ್ಲಿ ಯಾರು ಕಾಣ್ತಾರೆ, ಯಾರು ಮಾತಾಡ್ತಾರೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈಯಲ್ಲಿ ಸಿನಿಮಾ ತೆಗೆಯುವವರನ್ನೇ ತೆಗೆಯುವುದು ನನ್ನ ಕೆಲಸ. ಮಾಟುಂಗದ ಮೈಸೂರು ಅಸೋಸಿಯೇಷನ್ನಿನಲ್ಲಿ ನಾಟಕ ಮುಗಿಸಿ ಚಪ್ಪಲಿ ಹುಡುಕುವಾಗ, ಡೊಂಬಿವಲಿ ಲೋಕಲ್‌ನಲ್ಲಿ ನಿಂತಾಗ, ಫೋನಿನಲ್ಲಿ, ಪತ್ರದಲ್ಲಿ ಕನ್ನಡದವರು ನನ್ನನ್ನು ಕೇಳಿದ ಪ್ರಶ್ನೆಗಳಿವು. ಕೆಲವನ್ನು ಹತ್ತು ಸಲವಾದರೂ ಕೇಳಿಸಿಕೊಂಡಿದ್ದೇನೆ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆನೋವಿನದು ಆಮೇಲೆ.

## ಶುರುವಿನ ಪ್ರಶ್ನೆಗಳು

ಮೇಕಿಂಗ್ ಅಂದ್ರೆ ಹೀರೋ ಡೈಲಾಗ್ ಮರೆತು ನಗೋದು, ಡೈರೆಕ್ಟರ್ ಕಟ್ ಅನ್ನೋದು, ಅಷ್ಟೇ ಅಲ್ವಾ?

ಅದು ಪ್ರಚಾರದ ಮೇಕಿಂಗ್. ಮೂರು ನಿಮಿಷ ಇರುತ್ತದೆ, ಬಿಡುಗಡೆಗೆ ವಾರ ಮುಂಚೆ ಬರುತ್ತದೆ, ಎಲ್ಲರೂ ಎಲ್ಲರನ್ನೂ ಹೊಗಳುತ್ತಾರೆ. ಹೊಟ್ಟೆಪಾಡಿಗೆ ನಾನೂ ಬೇಕಾದಷ್ಟು ಮಾಡಿದ್ದೇನೆ. ಇಲ್ಲಿ ಹೇಳುತ್ತಿರುವುದು ಇನ್ನೊಂದು ಬಗೆಯದು. ಒಂದು ಸಿನಿಮಾ ಹೇಗೆ ಕೂಡಿಬಂತು ಅಂತ ತಿಂಗಳುಗಟ್ಟಲೆ ಜೊತೆಯಲ್ಲಿದ್ದು ತೆಗೆಯುವ ಡಾಕ್ಯುಮೆಂಟರಿ. ಅದರಲ್ಲಿ ಜಗಳ ಇರುತ್ತದೆ, ಕಾಯುವುದು ಇರುತ್ತದೆ. ಕಾಯುವುದೇ ಜಾಸ್ತಿ.

ಸೆಟ್‌ನಲ್ಲಿ ಯಾರಿದ್ದಾರೋ ಅವರನ್ನ ತೋರಿಸಿದ್ರೆ ಆಯ್ತು. ಇದರಲ್ಲಿ ಪ್ರಾತಿನಿಧ್ಯ, ವೈವಿಧ್ಯ ಎಲ್ಲಿಂದ ಬಂತು?

ಗೋರೆಗಾಂವ್ ಫಿಲ್ಮ್ ಸಿಟಿಯ ಒಂದು ದೊಡ್ಡ ಸೆಟ್‌ಗೆ ಹೋಗಿ ನಿಲ್ಲಿ. ನೂರಕ್ಕೂ ಹೆಚ್ಚು ಜನ ಇರುತ್ತಾರೆ. ನಿಮ್ಮ ಕೈಯಲ್ಲಿರುವುದು ಒಂದು ಕ್ಯಾಮೆರಾ. ಅದು ಒಂದು ಕಡೆ ತಿರುಗಿತು ಅಂದರೆ ಉಳಿದ ಎಲ್ಲ ಕಡೆಗೂ ಬೆನ್ನು ಹಾಕಿತು ಅಂತಲೇ. ಹಾಗಾಗಿ ಆಯ್ಕೆ ಮಾಡಿಲ್ಲ ಅನ್ನುವ ಮಾತೇ ಬರುವುದಿಲ್ಲ.

ನನ್ನ ಮೊದಲ ಮೇಕಿಂಗ್ ಮುಗಿದ ಮೇಲೆ ಅದನ್ನು ಮನೆಯಲ್ಲಿ ಕೂತು ನೋಡಿದೆ. ಹದಿನಾಲ್ಕು ಜನ ಮಾತಾಡಿದ್ದರು. ಹದಿಮೂರು ಜನಕ್ಕೆ ನಾನು ಕೇಳಿದ್ದು, ‘ಈ ದೃಶ್ಯವನ್ನು ಹೇಗೆ ಯೋಚಿಸಿದಿರಿ?’ ಹದಿನಾಲ್ಕನೆಯವರು ಸ್ಪಾಟ್ ದಾದಾ, ಅಂದರೆ ಸೆಟ್‌ನಲ್ಲಿ ಚಹಾ, ನೀರು, ಕುರ್ಚಿ ನೋಡಿಕೊಳ್ಳುವವರು. ಅವರಿಗೆ ಕೇಳಿದ್ದು, ‘ದಾದಾ, ದಿನಕ್ಕೆ ಎಷ್ಟು ಗಂಟೆ ನಿದ್ದೆ ಮಾಡ್ತೀರಿ?’ ಎಲ್ಲರನ್ನೂ ತೋರಿಸಿದ್ದೇನೆ ಅಂತ ಬೀಗಿದ್ದೆ. ಆದರೆ ಹದಿಮೂರು ಜನರನ್ನು ಕೆಲಸ ಬಲ್ಲವರು ಅಂತ ಮಾತಾಡಿಸಿದ್ದೆ, ಒಬ್ಬರನ್ನು ಪಾಪ ಅಂತ ಮಾತಾಡಿಸಿದ್ದೆ. ಪ್ರಾತಿನಿಧ್ಯ ಅಂದರೆ ನನ್ನ ಮಟ್ಟಿಗೆ ಈ ಪ್ರಶ್ನೆಯ ವ್ಯತ್ಯಾಸ. ಮುಖಗಳ ಲೆಕ್ಕ ಆಮೇಲಿನದು.

ಇದೆಲ್ಲ ಈಗಿನ ಫ್ಯಾಷನ್. ಹಿಂದಿನವರು ಇದನ್ನೆಲ್ಲ ಯೋಚಿಸ್ತಿದ್ರಾ?

ಯೋಚಿಸಿದ್ದರೋ ಇಲ್ಲವೋ, ವಿಷಯ ಮೊದಲ ದಿನದಿಂದ ಇತ್ತು. ದಾದಾಸಾಹೇಬ್ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ 1913ರ ಮೇ 3ರಂದು ಗಿರ್‌ಗಾಂವ್‌ನ ಕಾರೊನೇಷನ್ ಥಿಯೇಟರಿನಲ್ಲಿ ಸಾರ್ವಜನಿಕರಿಗೆ ತೆರೆಯಿತು. ಅದರಲ್ಲಿ ಹರಿಶ್ಚಂದ್ರನ ಹೆಂಡತಿ ತಾರಾಮತಿ (ನಮ್ಮ ಚಂದ್ರಮತಿ) ಆದವರು ಅಣ್ಣಾ ಸಾಳುಂಕೆ, ಹೋಟೆಲಿನಲ್ಲಿ ಕೆಲಸಕ್ಕಿದ್ದ ಗಂಡಸು. ಸಿನಿಮಾದಲ್ಲಿ ನಟಿಸಲು ಹೆಂಗಸರು ಒಪ್ಪುತ್ತಿರಲಿಲ್ಲ ಅಂತ ಹೇಳುತ್ತಾರೆ. ಆದರೆ ಅದೇ ಸಿನಿಮಾದ ಹಿಂದೆ ಒಬ್ಬ ಹೆಂಗಸು ಹಗಲು ರಾತ್ರಿ ದುಡಿದಿದ್ದರು, ಸರಸ್ವತಿಬಾಯಿ ಫಾಲ್ಕೆ. ಕಚ್ಚಾ ಫಿಲ್ಮಿಗೆ ಅಂಚಿನಲ್ಲಿ ತೂತು ಹಾಕುವುದು, ರಾಸಾಯನಿಕ ಬೆರೆಸುವುದು, ಬಿಸಿಲಿನಲ್ಲಿ ಬಿಳಿ ಬಟ್ಟೆ ಹಿಡಿದು ನಿಲ್ಲುವುದು, ಇಡೀ ತಂಡಕ್ಕೆ ಅಡುಗೆ ಮಾಡಿ ಹಾಕುವುದು. ಈಗ ಇಷ್ಟು ಕೆಲಸಕ್ಕೆ ನಾಲ್ಕು ಡಿಪಾರ್ಟ್‌ಮೆಂಟ್ ಬೇಕು.

ಫಾಲ್ಕೆ 1917ರಲ್ಲಿ ಸಿನಿಮಾ ಹೇಗೆ ತಯಾರಾಗುತ್ತದೆ ಅಂತ ತೋರಿಸುವ ಒಂದು ಕಿರುಚಿತ್ರವನ್ನೂ ಮಾಡಿದರು. ನಮ್ಮ ದೇಶದ ಮೇಕಿಂಗ್‌ಗಳ ಅಜ್ಜ ಅನ್ನಬಹುದು. ಈಗ ಜನರಿಗೆ ಅದರಲ್ಲಿ ನೆನಪಿರುವ ಚಿತ್ರ ಫಾಲ್ಕೆಯವರದೇ. ಸುಮ್ನೆ ದೂರುತ್ತಿಲ್ಲ. ಆ ಅಭ್ಯಾಸ ನೂರು ವರ್ಷ ದಾಟಿದೆ ಅಂತ ಹೇಳುತ್ತಿದ್ದೇನೆ.

ಹಿಂದಿ ಸಿನಿಮಾದಲ್ಲಿ ನಮ್ಮ ಕನ್ನಡದವರು ಯಾರಿದ್ದಾರೆ? ಅವರನ್ನ ತೋರಿಸಿದ್ರೆ ನಮಗೂ ಹೆಮ್ಮೆ.

ಹೆಮ್ಮೆ ಪಡೋಣ, ಬೇಡ ಅನ್ನುವುದಿಲ್ಲ. ಗುರುದತ್ ಹುಟ್ಟಿದ್ದು ಬೆಂಗಳೂರಿನಲ್ಲಿ. ಅವರ ಕ್ಯಾಮೆರಾಮನ್ ವಿ.ಕೆ. ಮೂರ್ತಿ ಮೈಸೂರಿನವರು, ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ. 1959ರ ‘ಕಾಗಜ್ ಕೆ ಫೂಲ್’ನಲ್ಲಿ ಮೇಲಿನಿಂದ ಇಳಿಯುವ ಬೆಳಕಿನ ಕೋಲು ಎಲ್ಲರಿಗೂ ಗೊತ್ತು. ದೊಡ್ಡ ಕನ್ನಡಿಗಳಲ್ಲಿ ಬಿಸಿಲನ್ನು ಹಿಡಿದು ಸ್ಟುಡಿಯೊ ಒಳಗೆ ತಂದ ಬೆಳಕು ಅದು. ಫೈಟ್ ಮಾಸ್ಟರ್ ಎಂ.ಬಿ. ಶೆಟ್ಟಿ ತುಳುನಾಡಿನವರು.

ಆದರೆ ಒಂದು ಮಾತು. ಬಿಸಿಲು ನಿಂತ ಕಡೆ ನಿಲ್ಲುವುದಿಲ್ಲ. ಅದು ಸರಿದಂತೆ ಕನ್ನಡಿಯನ್ನೂ ತಿರುಗಿಸಲು ಯಾರಾದರೂ ಇರಲೇಬೇಕು. ನಾನು ಆ ಸಿನಿಮಾದ ಮೇಕಿಂಗ್ ತೆಗೆದಿದ್ದರೆ ಆ ಮನುಷ್ಯನ ಕೈಯಿಂದ ಶುರು ಮಾಡುತ್ತಿದ್ದೆ. ಅವರು ಕನ್ನಡದವರೋ, ಕೊಂಕಣದವರೋ, ಉತ್ತರ ಪ್ರದೇಶದವರೋ, ಯಾರಾದರೇನು.

## ಸೆಟ್‌ಗೆ ಹೋದ ಮೇಲೆ

ಅಕ್ಕ, ಲೈಟ್‌ಮ್ಯಾನ್, ಸ್ಪಾಟ್ ದಾದಾ ಇವರೆಲ್ಲ ಕ್ಯಾಮೆರಾ ಕಂಡ್ರೆ ಬಾಯೇ ಬಿಡಲ್ಲ. ಏನ್ ಕೇಳ್ಬೇಕು?

ಅವರ ಕೈಯಲ್ಲಿ ಏನಿದೆಯೋ ಅದರ ಬಗ್ಗೆ ಕೇಳಿ.

ಒಂದು ಸೆಟ್‌ನಲ್ಲಿ ಡ್ರೆಸ್ ದಾದಾ, ಅಂದರೆ ನಟರ ಬಟ್ಟೆ ನೋಡಿಕೊಳ್ಳುವವರು, ಒಬ್ಬರಿದ್ದರು. ವಿಜಯಪುರ ಕಡೆಯವರು, ಮುಂಬೈಗೆ ಬಂದು ಮೂವತ್ತು ವರ್ಷ ದಾಟಿತ್ತು. ಮೊದಲ ದಿನ ನಾನು ಮಾಮೂಲಿನಂತೆ ಕೇಳಿದೆ, ‘ಕಾಕಾ, ಈ ಲೈನಿನಲ್ಲಿ ಏನೇನು ಕಷ್ಟ ನೋಡಿದ್ರಿ?’ ಅವರು ನೆಲ ನೋಡಿ, ‘ನಡೀತೈತ್ರೀ, ದೇವ್ರು ನಡಸ್ತಾನ’ ಅಂದರು. ಮುಗಿಯಿತು.

ಮೂರನೇ ದಿನ ಅವರು ಹೊಸ ಅಂಗಿಯೊಂದನ್ನು ಹಳೆಯದು ಮಾಡುತ್ತಿದ್ದರು. ಹೀರೋ ಮೂರು ವರ್ಷದಿಂದ ಹಾಕಿಕೊಂಡ ಹಾಗೆ ಕಾಣಬೇಕಿತ್ತು. ಬಕೆಟ್‌ನಲ್ಲಿ ಚಹಾಪುಡಿ ಕುದಿಸಿದ ನೀರು. ಪಕ್ಕದಲ್ಲಿ ಮರ ಉಜ್ಜುವ ಕಾಗದ, ಒಂದು ಹಳೆ ಹಲ್ಲುಜ್ಜುವ ಬ್ರಷ್, ಬೂದಿಯ ಪೊಟ್ಟಣ. ‘ಎಲ್ಲಿಂದ ಶುರು ಮಾಡ್ತೀರಿ?’ ಅಂದೆ. ಅಷ್ಟೇ.

‘ಹೊಸಾ ಹುಡುಗ್ರು ಅಂಗಿ ಮುಂದಿಂದ ತಿಕ್ಕಾಕ ಸುರು ಮಾಡ್ತಾರ್ರೀ. ಅಂಗಿ ಮದಲ ಹಳೇದಾಗೂದು ಕಾಲರ್ ಒಳಗಿಂದ. ಕುತ್ತಿಗಿ ಬೆವರು ಅದನ್ನ ತಿಂತೈತಿ. ಆಮ್ಯಾಲ ಕಿಸೆ ಮೂಲಿ. ಪೆನ್ನು ಇಡಾವನಾದ್ರ ಎಡಕ ಜೋಲ್ತೈತಿ, ಬೀಡಿ ಇಡಾವನಾದ್ರ ಕಿಸೆ ಬುಡ ಕರ್ರಗ. ನಮ್ಮ ಹೀರೋ ಏನ್ ಇಡ್ತಾನ ಅಂತ ಡೈರೆಕ್ಟರಿಗೆ ಕೇಳೇನಿ. ಅವ್ರಿಗೆ ಗೊತ್ತಿಲ್ಲ. ನಾನ ಬೀಡಿ ಅಂತ ಮಾಡೇನಿ.’

ನಲವತ್ತು ನಿಮಿಷ ನಿಲ್ಲಲಿಲ್ಲ. ಬಲಗೈ ಬಳಸುವವರ ಬಲತೋಳು ಬೇಗ ಸವೆಯುತ್ತದೆ, ಬೈಕಿನವರ ಬೆನ್ನು ಬೇಗ ಬಿಳಿಚುತ್ತದೆ. ಒಗೆಯುವ ಕಲ್ಲಿನ ಮನೆಯಲ್ಲಿ ಗುಂಡಿ ಒಡೆಯುತ್ತದೆ, ವಾಷಿಂಗ್ ಮಷಿನ್ ಮನೆಯಲ್ಲಿ ದಾರ ಸಡಿಲವಾಗುತ್ತದೆ. ಆ ಪಾತ್ರದ ಬಗ್ಗೆ ಆ ಸೆಟ್‌ನಲ್ಲಿ ಇಷ್ಟು ಯೋಚಿಸಿದವರು ಇನ್ನೊಬ್ಬರಿರಲಿಲ್ಲ. ಅವರಿಗೆ ಮಾತು ಬರುವುದಿಲ್ಲ ಅಂದುಕೊಂಡಿದ್ದೆ. ನನಗೆ ಪ್ರಶ್ನೆ ಕೇಳಲು ಬರುತ್ತಿರಲಿಲ್ಲ.

ಹಾಗಾದ್ರೆ ಕಷ್ಟದ ಬಗ್ಗೆ ಕೇಳಲೇಬಾರದಾ? ಸಂಬಳ ಬಾಕಿ, ಹದಿನಾಲ್ಕು ಗಂಟೆ ದುಡಿಮೆ ಇದೆಲ್ಲ ಸುಳ್ಳಾ?

ಸುಳ್ಳಲ್ಲ. ಕೇಳಿ. ಆದರೆ ಅದನ್ನೇ ಹೀರೋಗೂ ಡೈರೆಕ್ಟರ್‌ಗೂ ಪ್ರೊಡಕ್ಷನ್ ಮ್ಯಾನೇಜರ್‌ಗೂ ಕೇಳಿ. ‘ಶಿಫ್ಟ್ ಯಾಕೆ ಎಂಟು ಗಂಟೆಗೆ ಮುಗಿಯಲಿಲ್ಲ?’ ಅನ್ನುವುದಕ್ಕೆ ಉತ್ತರ ಕೊಡಬೇಕಾದವರು ಶಿಫ್ಟ್ ಹಾಕಿದವರು. ಲೈಟ್‌ಮ್ಯಾನ್ ನಿದ್ದೆಗಣ್ಣು ತೋರಿಸಿ ವಯೊಲಿನ್ ಬಾರಿಸಿದರೆ ಅವರಿಗೇನೂ ಸಿಗುವುದಿಲ್ಲ.

ಹೆಂಗಸರು ಮೇಕಪ್ ಮಾಡೋದಕ್ಕೂ ಅಡ್ಡಿ ಇತ್ತಂತೆ ಮುಂಬೈಯಲ್ಲಿ. ನಿಜಾನಾ?

ನಿಜ. ನಂಬಲು ಕಷ್ಟ, ಆದರೆ 2014ರವರೆಗೂ ಇತ್ತು. ಇಲ್ಲಿನ ಮೇಕಪ್ ಕಲಾವಿದರ ಸಂಘದ ನಿಯಮದ ಪ್ರಕಾರ ಗಂಡಸರು ಮೇಕಪ್‌ಮ್ಯಾನ್ ಆಗಬಹುದು, ಹೆಂಗಸರು ಹೇರ್‌ಡ್ರೆಸರ್ ಮಾತ್ರ. ಕೂದಲು ಮುಟ್ಟಬಹುದು, ಮುಖ ಮುಟ್ಟಬಾರದು! ಸಂಘದ ಕಾರ್ಡ್ ಇಲ್ಲದೆ ಸೆಟ್‌ನಲ್ಲಿ ಕೆಲಸ ಮಾಡಿದರೆ ತಗಾದೆ, ದಂಡ. ಚಾರು ಖುರಾನಾ ಮತ್ತು ಜೊತೆಯವರು ಸುಪ್ರೀಂ ಕೋರ್ಟಿಗೆ ಹೋದರು. 2014ರ ನವೆಂಬರ್ 10ರಂದು ಕೋರ್ಟ್ ಆ ನಿಯಮವನ್ನು ಹೊಡೆದುಹಾಕಿತು. ಮಹಾರಾಷ್ಟ್ರದಲ್ಲಿ ಐದು ವರ್ಷ ನೆಲೆಸಿರಬೇಕು ಅನ್ನುವ ಷರತ್ತೂ ಅದೇ ತೀರ್ಪಿನಲ್ಲಿ ಹೋಯಿತು. ಹೊರಗಿನಿಂದ ಬಂದ ನಮ್ಮಂಥವರಿಗೆ ಅದೂ ಸಣ್ಣದಲ್ಲ.

ನೀವು ಮೇಕಿಂಗ್‌ನಲ್ಲಿ ಒಬ್ಬ ಮಹಿಳಾ ಮೇಕಪ್ ಕಲಾವಿದೆಯನ್ನು ತೋರಿಸುವಾಗ ಈ ಹಿನ್ನೆಲೆ ಗೊತ್ತಿರಬೇಕು. ಅವರ ವಯಸ್ಸು ನಲವತ್ತೈದಾಗಿದ್ದರೆ, ಅರ್ಧ ವೃತ್ತಿಜೀವನವನ್ನು ಅವರು ಕಾರ್ಡಿಲ್ಲದೆ ಕಳೆದಿರಬಹುದು.

ಸೆಟ್‌ನಲ್ಲಿ ಹೆಂಗಸರೇ ಕಮ್ಮಿ. ಇಲ್ಲದವರನ್ನ ನಾನೆಲ್ಲಿಂದ ತರಲಿ?

ತರಬೇಡಿ. ಕಾಸ್ಟ್ಯೂಮ್ ಅಸಿಸ್ಟೆಂಟ್ ಹುಡುಗಿಯನ್ನು ಕ್ಯಾಮೆರಾ ಪಕ್ಕ ನಿಲ್ಲಿಸಿ ಫೋಟೊ ತೆಗೆಯುವವರನ್ನು ಕಂಡಿದ್ದೇನೆ. ಅದು ಮೋಸ. ಇಲ್ಲ ಅನ್ನುವುದನ್ನೇ ತೋರಿಸಿ. ಲೈಟಿಂಗ್ ವಿಭಾಗದಲ್ಲಿ ಇಪ್ಪತ್ತು ಜನ ಗಂಡಸರೇ ಇದ್ದರೆ ಆ ಇಪ್ಪತ್ತು ಜನರನ್ನೂ ಒಂದೇ ಫ್ರೇಮಿನಲ್ಲಿ ಹಿಡಿಯಿರಿ. ಪ್ರೇಕ್ಷಕರಿಗೆ ಅರ್ಥವಾಗುತ್ತದೆ.

ಆಮೇಲೆ ಯಾಕೆ ಇಲ್ಲ ಅಂತ ಹುಡುಕಿ. ಉತ್ತರ ಎಷ್ಟೋ ಸಲ ಸಿದ್ಧಾಂತದಲ್ಲಿ ಇರುವುದಿಲ್ಲ, ಶೌಚಾಲಯದಲ್ಲಿ ಇರುತ್ತದೆ. ಮಲಯಾಳಂ ಚಿತ್ರರಂಗದ ಬಗ್ಗೆ ಕೇರಳ ಸರ್ಕಾರ 2017ರಲ್ಲಿ ನೇಮಿಸಿದ ಹೇಮಾ ಸಮಿತಿ 2019ರಲ್ಲಿ ವರದಿ ಕೊಟ್ಟಿತು, ಅದು ಹೊರಬಂದದ್ದು 2024ರ ಆಗಸ್ಟ್‌ನಲ್ಲಿ. ಹೊರಾಂಗಣ ಶೂಟಿಂಗ್‌ನಲ್ಲಿ ಶೌಚಾಲಯ ಇಲ್ಲ ಅಂತ ಹೆಂಗಸರು ನೀರು ಕುಡಿಯುವುದನ್ನೇ ಬಿಡುತ್ತಾರೆ ಅಂತ ಅದರಲ್ಲಿದೆ. ಇಲ್ಲಿ ಪಾಲ್ಘರ್ ಕಡೆಯ ಲೊಕೇಶನ್‌ನಲ್ಲಿ ನನ್ನದೂ ಅದೇ ಕತೆ. ಬೆಳಗ್ಗೆ ಆರಕ್ಕೆ ಹೋದವಳು ಸಂಜೆ ನಾಲ್ಕರವರೆಗೆ ಅರ್ಧ ಬಾಟಲಿ ನೀರು ಕುಡಿದಿದ್ದೆ. ಅಲ್ಲಿದ್ದ ವ್ಯಾನಿಟಿ ವ್ಯಾನ್ ಹೀರೋಯಿನ್‌ಗೆ ಮಾತ್ರ. ಅವರಿಗೆ ಗೊತ್ತಾಗಿ ತಾವೇ ಕರೆದರು, ಆ ಮಾತು ಬೇರೆ.

ಇದ್ದೂ ಕಾಣದವರು ಇನ್ನೊಂದು ಗುಂಪು. ‘ಶೋಲೆ’ಯ ಟಾಂಗಾ ಓಟದಲ್ಲಿ ಹೇಮಾಮಾಲಿನಿಯವರ ಬದಲಿಗೆ ಅಪಾಯದ ಭಾಗ ಮಾಡಿದವರು ರೇಷ್ಮಾ ಪಠಾಣ್. ಆ ಕಾಲದಲ್ಲಿ ಹೀರೋಯಿನ್ ಡೂಪ್ ಅಂದರೆ ವಿಗ್ ಹಾಕಿದ ಗಂಡಸು ಅನ್ನುವುದೇ ರೂಢಿ. ಡೂಪ್ ಕೆಲಸದ ಯಶಸ್ಸೇ ಕಾಣದಿರುವುದು. ಮೇಕಿಂಗ್ ಇರುವುದೇ ಅಂಥವರ ಮುಖ ಈ ಕಡೆ ತಿರುಗಿಸಲು.

ಜಾತಿ ಬಗ್ಗೆ ಕೇಳಿದ್ರೂ ತಪ್ಪು, ಕೇಳದಿದ್ರೂ ತಪ್ಪು. ಏನ್ ಮಾಡೋದು?

ಕ್ಯಾಮೆರಾ ಮುಂದೆ ‘ನೀವು ಯಾವ ಜಾತಿ?’ ಅಂತ ಕೇಳಬೇಡಿ. ಅವರ ನಾಳಿನ ಕೆಲಸಕ್ಕೆ ಅದು ಕುತ್ತಾಗಬಹುದು. ಆದರೆ ಕಣ್ಣು ಮುಚ್ಚಿಕೊಳ್ಳಲೂ ಬೇಡಿ. ಊಟದ ಹೊತ್ತಿನಲ್ಲಿ ಯಾರು ಮೇಜಿನ ಮೇಲೆ ಉಣ್ಣುತ್ತಾರೆ, ಯಾರು ಜನರೇಟರ್ ವ್ಯಾನಿನ ನೆರಳಿನಲ್ಲಿ, ಯಾರ ಚಹಾ ಗಾಜಿನ ಲೋಟದಲ್ಲಿ ಬರುತ್ತದೆ, ಯಾರದು ಕಾಗದದ ಕಪ್ಪಿನಲ್ಲಿ. ಇದು ಹುದ್ದೆಯ ವ್ಯತ್ಯಾಸವೂ ಇರಬಹುದು. ಹುದ್ದೆಯೇ ಯಾಕೆ ಹೀಗೆ ಹಂಚಿಕೊಂಡಿದೆ ಅನ್ನುವುದು ಮುಂದಿನ ಪ್ರಶ್ನೆ. ತಾವಾಗಿ ಹೇಳಿಕೊಳ್ಳುವವರು ಇದ್ದಾರೆ. ಅವರಿಗೆ ಸಮಯ ಕೊಡಿ, ಎಡಿಟ್ ಆದಮೇಲೆ ಒಮ್ಮೆ ತೋರಿಸಿ, ‘ಇರಲಾ, ತೆಗೀಲಾ?’ ಅಂತ ಕೇಳಿ.

ತೆರೆಯ ಮೇಲೆ ಬಂದದ್ದಕ್ಕೇ ಪೆಟ್ಟು ತಿಂದವರು ನಮ್ಮ ಚರಿತ್ರೆಯಲ್ಲಿದ್ದಾರೆ. ಮಲಯಾಳಂನ ಮೊದಲ ನಾಯಕಿ ಪಿ.ಕೆ. ರೋಸಿ ದಲಿತ ಹೆಣ್ಣುಮಗಳು. ಮೇಲ್ಜಾತಿಯ ಹೆಂಗಸಿನ ಪಾತ್ರ ಮಾಡಿದಳು ಅಂತ ಜನ ತಿರುಗಿಬಿದ್ದರು, ಆಕೆ ಊರು ಬಿಟ್ಟು ಓಡಬೇಕಾಯಿತು.

ನಮ್ಮ ಟೀಮ್‌ನಲ್ಲಿ ಇರೋದೇ ನಾಲ್ಕು ಜನ. ಇದರಲ್ಲಿ ವೈವಿಧ್ಯ ಎಲ್ಲಿಂದ ತರೋದು?

ನಾಲ್ಕು ಜನವೂ ಒಂದೇ ಕಾಲೇಜು, ಒಂದೇ ಏರಿಯಾ, ಒಂದೇ ಹೋಟೆಲಿನ ಗೆಳೆಯರಾಗಿದ್ದರೆ ತೊಂದರೆ ಅಲ್ಲೇ ಇದೆ. ಹೆಂಗಸರ ಮೇಕಪ್ ರೂಮಿಗೆ ಗಂಡಸು ಕ್ಯಾಮೆರಾ ಹಿಡಿದು ಹೋಗಲಾರ, ಹೋಗಲೂಬಾರದು. ಮರಾಠಿ ಬಾರದವರಿಗೆ ಸೆಟ್ ಕಟ್ಟುವ ಸೆಟ್ಟಿಂಗ್‌ನವರ ತಮಾಷೆ ಅರ್ಥವಾಗುವುದಿಲ್ಲ. ಹಾಗಾಗಿ ಇದು ನೀತಿಗಿಂತ ಮೊದಲು ಕೆಲಸದ ಪ್ರಶ್ನೆ.

ಅಮೆರಿಕದಲ್ಲಿ 2020ರಲ್ಲಿ ಬಂದ ‘ಡಿಸ್‌ಕ್ಲೋಷರ್’ ಅನ್ನುವ ಡಾಕ್ಯುಮೆಂಟರಿ ತೆರೆಯ ಮೇಲಿನ ಟ್ರಾನ್ಸ್ (ಲಿಂಗತ್ವ ಅಲ್ಪಸಂಖ್ಯಾತ) ಜನರ ಚಿತ್ರಣದ ಬಗ್ಗೆ. ಅದರ ತಂಡಕ್ಕೆ ಮೊದಲು ಟ್ರಾನ್ಸ್ ಜನರನ್ನೇ ಹುಡುಕಿದರು. ಆ ಕೆಲಸ ಬಲ್ಲವರು ಸಿಗದ ಕಡೆ ಬೇರೆಯವರನ್ನು ತೆಗೆದುಕೊಂಡು, ಅವರ ಕೈಕೆಳಗೆ ಒಬ್ಬ ಟ್ರಾನ್ಸ್ ವ್ಯಕ್ತಿಗೆ ಕಲಿಸುವ ಏರ್ಪಾಡು ಮಾಡಿದರು. ‘ಅರ್ಹರು ಸಿಗಲ್ಲ’ ಅನ್ನುವ ನಮ್ಮ ಮಾಮೂಲಿ ನೆಪಕ್ಕೆ ಇದಕ್ಕಿಂತ ನೇರ ಉತ್ತರ ನಾನು ಕಂಡಿಲ್ಲ. ನಾವು ಚಿಕ್ಕವರು ಒಬ್ಬರನ್ನಾದರೂ ಹಾಗೆ ಇಟ್ಟುಕೊಳ್ಳಬಹುದು. ಕಲಿಯಲು ಬಂದವರಿಗೆ ದುಡ್ಡು ಕೊಡಿ ಮಾರಾಯ್ರೆ. ಪುಕ್ಕಟೆ ಕಲಿಯುವವರು ಅಂದರೆ ಅಪ್ಪನ ಮನೆ ಬಾಂದ್ರಾದಲ್ಲಿರುವವರು ಮಾತ್ರ.

ಒಪ್ಪಿಗೆ ಪತ್ರ ಇಂಗ್ಲಿಷ್‌ನಲ್ಲಿದೆ, ಸಹಿ ಹಾಕಿಸಿಕೊಂಡ್ರೆ ಸಾಕಲ್ವಾ?

ಕಾನೂನಿನವರನ್ನು ಕೇಳಿದರೆ ಸಾಕು ಅನ್ನಬಹುದು. ನನಗೆ ಸಾಲದು. ಪ್ರೊಡಕ್ಷನ್ ಮ್ಯಾನೇಜರ್ ಪಕ್ಕದಲ್ಲಿ ನಿಂತಿರುವಾಗ ಯಾವ ಜೂನಿಯರ್ ಆರ್ಟಿಸ್ಟ್ ‘ಬೇಡ’ ಅಂತಾರೆ? ಅವರನ್ನು ಚಹಾಕ್ಕೆ ಅಂತ ಆಚೆ ಕರೆದುಕೊಂಡು ಹೋಗಿ. ಪತ್ರದಲ್ಲಿ ಏನಿದೆ ಅಂತ ಅವರ ಭಾಷೆಯಲ್ಲಿ ಹೇಳಿ, ಹೇಳಿದ್ದನ್ನೂ ರೆಕಾರ್ಡ್ ಮಾಡಿ. ‘ಇದು ಟಿವಿಯಲ್ಲಿ ಬರುತ್ತೆ, ಮೊಬೈಲ್‌ನಲ್ಲಿ ಬರುತ್ತೆ, ನಿಮ್ಮ ಊರಿನವರೂ ನೋಡ್ತಾರೆ’ ಅಂತ ಬಿಡಿಸಿ ಹೇಳಿ. ಕಡೆಯ ಮಾತು ಕೇಳಿ ಇಬ್ಬರು ಹೆಂಗಸರು ಹಿಂದೆ ಸರಿದಿದ್ದಾರೆ. ಊರಿನಲ್ಲಿ ಅವರು ‘ಆಫೀಸ್ ಕೆಲಸ’ದಲ್ಲಿದ್ದರು.

ಶೂಟಿಂಗ್‌ನಲ್ಲಿ ಕಿರುಕುಳ ಕಣ್ಣಿಗೆ ಬಿದ್ರೆ? ರೆಕಾರ್ಡ್ ಮಾಡ್ಕೋಬೇಕಾ, ಹೋಗಿ ತಡೀಬೇಕಾ?

ತಡೆಯಿರಿ. ಆಮೇಲೆ ಡಾಕ್ಯುಮೆಂಟರಿ. ಕೆಲಸದ ಜಾಗದಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಪ್ರಕಾರ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ದೂರು ಕೇಳುವ ಆಂತರಿಕ ಸಮಿತಿ ಇರಬೇಕು. ಸಿನಿಮಾ ಘಟಕಕ್ಕೂ ಇದು ಅನ್ವಯಿಸುತ್ತದೆ ಅಂತ ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ. ಮೊದಲ ದಿನವೇ ಆ ಸಮಿತಿಯವರ ನಂಬರ್ ಕೇಳಿ ಇಟ್ಟುಕೊಳ್ಳಿ. ನಂಬರ್ ಕೇಳಿದಾಗ ಅವರ ಮುಖ ಹೇಗಾಗುತ್ತದೆ ಅನ್ನುವುದರಲ್ಲೇ ಅರ್ಧ ವಿಷಯ ಗೊತ್ತಾಗುತ್ತದೆ.

## ಎಡಿಟಿಂಗ್ ಟೇಬಲ್ ಮೇಲೆ

ನಿರ್ಮಾಪಕರದೇ ದುಡ್ಡು. ಅವರಿಗೆ ಬೇಡದ್ದನ್ನ ಹೇಗೆ ಉಳಿಸ್ಕೊಳ್ಳೋದು?

ಪೂರ್ತಿ ಉಳಿಸಿಕೊಂಡವರನ್ನು ನಾನು ಕಂಡಿಲ್ಲ. ಒಂದು ಕಂಪನಿಗೆ ನಲವತ್ತೆಂಟು ನಿಮಿಷದ ಮೇಕಿಂಗ್ ಮಾಡಿಕೊಟ್ಟಿದ್ದೆ. ಡ್ರೆಸ್ ದಾದಾ ಅವರ ಆರು ನಿಮಿಷ ಅದರ ಜೀವ. ನೋಡಿ ಮುಗಿಸಿ ಅಲ್ಲಿಯವರು ಅಂದದ್ದು, ‘ಚೆನ್ನಾಗಿದೆ, ಆದ್ರೆ ಇವರನ್ನ ಯಾರು ನೋಡ್ತಾರೆ?’ ಆರು ನಿಮಿಷ ನಲವತ್ತು ಸೆಕೆಂಡಾಯಿತು. ಉಳಿದ ಜಾಗಕ್ಕೆ ಹೀರೋ ಜಿಮ್ ಬಂತು.

ಆವತ್ತಿನಿಂದ ಎರಡು ಪಾಠ. ಮೊದಲನೆಯದು ಒಪ್ಪಂದದಲ್ಲಿ: ಕಂಪನಿಗೆ ಅವರ ಚಿಕ್ಕ ಆವೃತ್ತಿ, ಹಬ್ಬಗಳಿಗೆ, ಅಂದರೆ ಫಿಲ್ಮ್ ಫೆಸ್ಟಿವಲ್‌ಗಳಿಗೆ, ನನ್ನ ದೊಡ್ಡ ಆವೃತ್ತಿ. ಇದನ್ನು ದುಡ್ಡು ಮಾತಾಡುವ ಮುಂಚೆ ಬರೆಸಿಕೊಳ್ಳಬೇಕು, ಆಮೇಲೆ ಆಗುವುದಿಲ್ಲ. ಎರಡನೆಯದು ಎಡಿಟಿಂಗ್‌ನಲ್ಲಿ: ಯಾರನ್ನು ಕತ್ತರಿಸುತ್ತಾರೆ ಅಂತ ಭಯವಿದೆಯೋ ಅವರನ್ನು ಕತೆಯ ನಡುವೆ ಹೆಣೆದುಬಿಡಿ. ಹೀರೋ ಆ ಹಳೆ ಅಂಗಿ ಹಾಕಿಕೊಂಡು, ಕಿಸೆ ಮುಟ್ಟಿ ನೋಡಿ, ‘ಇವನು ಬೀಡಿ ಸೇದೋನಾ?’ ಅಂತ ಕೇಳುವ ಶಾಟ್ ನನ್ನ ಹತ್ತಿರ ಇತ್ತು. ಅದನ್ನು ದಾದಾ ಮಾತಿನ ಪಕ್ಕದಲ್ಲೇ ಕೂರಿಸಿದ್ದರೆ ಕತ್ತರಿಸಲು ಆಗುತ್ತಿರಲಿಲ್ಲ. ನಾನು ಅದನ್ನು ಬೇರೆಲ್ಲೋ ಇಟ್ಟಿದ್ದೆ.

ಸೆಟ್‌ನಲ್ಲಿ ಒಬ್ಬರದು ಭೋಜ್‌ಪುರಿ, ಒಬ್ಬರದು ತುಳು, ಒಬ್ಬರದು ಬಿಜಾಪುರ ಕನ್ನಡ. ಸಬ್‌ಟೈಟಲ್ ಯಾವ ಕನ್ನಡದಲ್ಲಿ ಹಾಕಬೇಕು?

ಇದು ನನಗೆ ಇಷ್ಟದ ಪ್ರಶ್ನೆ. ಎಲ್ಲರ ಬಾಯಿಗೂ ಒಂದೇ ಪುಸ್ತಕದ ಕನ್ನಡ ತುರುಕಿದರೆ ಡೈರೆಕ್ಟರೂ ಸ್ಪಾಟ್ ದಾದಾನೂ ಒಂದೇ ಶಾಲೆಯಲ್ಲಿ ಓದಿದ ಹಾಗೆ ಕೇಳುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಡೈರೆಕ್ಟರ್‌ಗೆ ನೀಟಾದ ಕನ್ನಡ ಕೊಟ್ಟು, ಲೈಟ್‌ಮ್ಯಾನ್‌ಗೆ ಬೇಕಂತಲೇ ಒರಟು ಕನ್ನಡ ಕೊಡುವುದು. ಭೋಜ್‌ಪುರಿ ಮಾತಾಡುವವರು ತಪ್ಪು ಹಿಂದಿ ಮಾತಾಡುತ್ತಿಲ್ಲ. ತಮ್ಮ ಭಾಷೆಯನ್ನು ಸರಿಯಾಗಿ ಮಾತಾಡುತ್ತಿದ್ದಾರೆ.

ನಾನು ಮಾಡುವುದು ಹೀಗೆ. ಬೇರೆ ಭಾಷೆಯಿಂದ ಬಂದದ್ದಕ್ಕೆಲ್ಲ ಒಂದೇ ಸರಳ ಆಡುಗನ್ನಡ. ಕನ್ನಡದಲ್ಲೇ ಮಾತಾಡಿದವರಿಗೆ ಅವರ ಕನ್ನಡ ಹಾಗೇ, ‘ಐತಿ’ ‘ಹ್ವಾದ’ ಎಲ್ಲ ಸೇರಿ. ‘ಕನ್ನಡಕ್ಕೂ ಸಬ್‌ಟೈಟಲ್ ಬೇಕಾ?’ ಅಂತ ಮಂಗಳೂರಿನ ಗೆಳತಿ ನಕ್ಕಳು. ಐದು ನಿಮಿಷದ ನಂತರ ‘ಕಿಸೆ ಅಂದ್ರೆ ಪಾಕೀಟಾ?’ ಅಂತ ಅವಳೇ ಕೇಳಿದಳು.

ಒಂದು ತಾಂತ್ರಿಕ ಮಾತೂ ಇದೆ. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದೆ. ಇಂಗ್ಲಿಷಿಗೆ ಅಂತ ಇಟ್ಟ ಸಾಲಿನ ಅಂತರದಲ್ಲೇ ಕನ್ನಡ ಕೂರಿಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ‘ಅಸ್ತ್ರ’, ‘ರಾಷ್ಟ್ರ’ದಂಥ ಪದ ಬಂದರೆ ಮುಗೀತು. ಎರಡು ಸಾಲಿನ ನಡುವೆ ಜಾಗ ಹೆಚ್ಚಿಸಿ, ಅಕ್ಷರ ತುಸು ದೊಡ್ಡದು ಮಾಡಿ. ಮೊಬೈಲಿನಲ್ಲಿ ಅಮ್ಮನಿಗೆ ಓದಲು ಕೊಟ್ಟು ನೋಡಿ.

ಎಷ್ಟು ಹೆಂಗಸರು, ಎಷ್ಟು ಗಂಡಸರು ಅಂತ ಲೆಕ್ಕ ಇಡಬೇಕಾ? ಆಸ್ಕರ್‌ನಲ್ಲಿ ಹಾಗೇ ಇದೆಯಂತೆ.

ಆಸ್ಕರ್‌ನವರು 2020ರಲ್ಲಿ ಪ್ರಕಟಿಸಿ 2024ರ ಪ್ರಶಸ್ತಿಯಿಂದ ಜಾರಿಗೆ ತಂದ ನಿಯಮ ಅತ್ಯುತ್ತಮ ಚಿತ್ರ ವಿಭಾಗಕ್ಕೆ. ನಾಲ್ಕು ಮಾನದಂಡದಲ್ಲಿ ಎರಡನ್ನು ಪೂರೈಸಬೇಕು. ತೆರೆಯ ಮೇಲೆ ಯಾರಿದ್ದಾರೆ ಅನ್ನುವುದು ಅದರಲ್ಲಿ ಒಂದು ಮಾತ್ರ. ತೆರೆಯ ಹಿಂದಿನ ತಂಡ, ಕಲಿಕೆಗೆ ಅವಕಾಶ, ಪ್ರಚಾರ ಮಾಡುವವರು, ಇವೂ ಲೆಕ್ಕಕ್ಕೆ ಬರುತ್ತವೆ.

ನನ್ನದು ನೋಟ್‌ಬುಕ್ಕಿನ ಲೆಕ್ಕ. ಒಬ್ಬೊಬ್ಬರಿಗೆ ಮೂರು ಕಾಲಂ: ಎಷ್ಟು ಹೊತ್ತು ಕಾಣುತ್ತಾರೆ, ಎಷ್ಟು ಹೊತ್ತು ಮಾತಾಡುತ್ತಾರೆ, ಅದರಲ್ಲಿ ಎಷ್ಟು ಹೊತ್ತು ತಮ್ಮ ಕೆಲಸದ ಬಗ್ಗೆ ಮಾತಾಡುತ್ತಾರೆ. ಮೂರನೇ ಕಾಲಂ ನಾಚಿಕೆ ಹುಟ್ಟಿಸುತ್ತದೆ. ಒಂದು ಸಲ ಹೀರೋಯಿನ್‌ದೇ ಸೊನ್ನೆ ಇತ್ತು. ಇಡೀ ಮೇಕಿಂಗ್‌ನಲ್ಲಿ ಆಕೆ ಸಹನಟರನ್ನು ಹೊಗಳಿದ್ದಳು, ಡಯಟ್ ಹೇಳಿದ್ದಳು. ನಟನೆ ಬಗ್ಗೆ ನಾನು ಕೇಳೇ ಇರಲಿಲ್ಲ.

ಅಂಗವಿಕಲರ ಬಗ್ಗೆ ಮಾಡಿದ್ರೆ ‘ಸ್ಫೂರ್ತಿದಾಯಕ’ ಅಂತ ಹಾಕಬಹುದಾ?

ಬೇಡ. ಗಾಲಿಕುರ್ಚಿಯಲ್ಲಿ ಕೂತು ಸೌಂಡ್ ಎಡಿಟ್ ಮಾಡುವವರ ಹತ್ತಿರ ಸೌಂಡ್ ಬಗ್ಗೆ ಕೇಳಿ. ತೆರೆಯ ಮೇಲಿನ ಚಿತ್ರಣದ ಬಗ್ಗೆ ಸುಪ್ರೀಂ ಕೋರ್ಟ್ 2024ರ ಜುಲೈ 8ರಂದು ನಿಪುಣ್ ಮಲ್ಹೋತ್ರಾ ಪ್ರಕರಣದಲ್ಲಿ ಮಾರ್ಗಸೂಚಿ ಕೊಟ್ಟಿದೆ. ಹೀಯಾಳಿಸುವ ಪದ ಬೇಡ, ಅಂಗವಿಕಲರನ್ನು ಕೇಳದೆ ಅವರ ಬಗ್ಗೆ ತೀರ್ಮಾನ ಬೇಡ ಅನ್ನುವುದು ಅದರ ತಿರುಳು. ಇನ್ನೊಂದು, ಅವರು ನಿಮ್ಮ ಡಾಕ್ಯುಮೆಂಟರಿ ನೋಡಬೇಕಲ್ವಾ? ಕಿವಿ ಕೇಳದವರಿಗೆ ಬರೀ ಮಾತಲ್ಲ, ‘ಜನರೇಟರ್ ಸದ್ದು ನಿಂತಿತು’ ಅನ್ನುವುದನ್ನೂ ಬರೆಯಬೇಕು. ಕಣ್ಣು ಕಾಣದವರಿಗೆ ದೃಶ್ಯ ವಿವರಿಸುವ ಧ್ವನಿ ಬೇಕು. ಖರ್ಚನ್ನು ಬಜೆಟ್‌ನಲ್ಲಿ ಮೊದಲೇ ಬರೆಯಿರಿ.

ದುಡ್ಡಿಲ್ಲದ ಸಣ್ಣ ಊರಿನವರ ಸಿನಿಮಾ ಮೇಕಿಂಗ್ ಮಾಡ್ಬೇಕು ಅಂತಿದೀನಿ. ಅವರು ನಗೆಪಾಟಲಾಗಬಾರದು. ಹೇಗೆ?

‘ಸೂಪರ್‌ಮೆನ್ ಆಫ್ ಮಾಲೇಗಾಂವ್’ ನೋಡಿ. ಫೈಜಾ ಅಹ್ಮದ್ ಖಾನ್ 2008ರಲ್ಲಿ ಮಾಡಿದ್ದು. ನಾಸಿಕ್ ಜಿಲ್ಲೆಯ ಪವರ್‌ಲೂಮ್ ಊರಿನ ಜನ ತಮ್ಮದೇ ಸೂಪರ್‌ಮ್ಯಾನ್ ಸಿನಿಮಾ ತೆಗೆಯುವ ಕತೆ. ಹೊಟ್ಟೆ ಹುಣ್ಣಾಗುವಷ್ಟು ನಗು ಬರುತ್ತದೆ, ಆದರೆ ಅವರ ಜೊತೆ ನಗುತ್ತೇವೆ. ಯಾಕಂದರೆ ಕ್ಯಾಮೆರಾ ಅವರ ಜುಗಾಡ್ ಅನ್ನು, ಅಂದರೆ ಇದ್ದುದರಲ್ಲೇ ಹೇಗೋ ಹೊಂದಿಸಿಕೊಳ್ಳುವುದನ್ನು, ಜಾಣ್ಮೆ ಅಂತ ನೋಡುತ್ತದೆ. ಇಂಥ ಊರಿಗೆ ಹೋದಾಗ ನಿಮ್ಮ ದುಬಾರಿ ಲೆನ್ಸ್ ಬ್ಯಾಗನ್ನು ಅವರ ಸೆಟ್ ನಡುವೆ ಬಿಚ್ಚಿ ಹರಡಬೇಡಿ. ಅಷ್ಟೇ ನನ್ನ ಸಲಹೆ.

ಕೊನೆಯಲ್ಲಿ ಓಡೋ ಹೆಸರುಗಳನ್ನ ಯಾರೂ ಓದಲ್ಲ. ಅದಕ್ಕೆ ಅಷ್ಟೊಂದು ತಲೆ ಕೆಡಿಸ್ಕೋಬೇಕಾ?

ಹೆಸರಿರುವವರು ಓದುತ್ತಾರೆ. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಓದುತ್ತಾರೆ. ಸೆಟ್‌ನಲ್ಲಿ ಐವತ್ತು ದಾಟಿದವರನ್ನೂ ‘ಛೋಟು’ ಅಂತ ಕರೆಯುವ ರೂಢಿಯಿದೆ. ನಾನೂ ಒಬ್ಬರ ಹೆಸರನ್ನು ಕರೆಯುವ ಹೆಸರಿನಲ್ಲೇ ಹಾಕಿಬಿಟ್ಟಿದ್ದೆ. ಅವರು ಜಗಳವಾಡಲಿಲ್ಲ. ಆಧಾರ್ ಕಾರ್ಡ್ ತೆಗೆದು ನನ್ನ ಮುಂದೆ ಹಿಡಿದು ಸುಮ್ಮನೆ ನಿಂತರು. ಈಗ ಮೊದಲ ವಾರವೇ ಒಂದು ವಹಿ ಕೊಟ್ಟುಬಿಡುತ್ತೇನೆ. ತಮ್ಮ ಹೆಸರನ್ನು ತಮಗೆ ಬೇಕಾದ ಲಿಪಿಯಲ್ಲಿ ಅವರೇ ಬರೆಯುತ್ತಾರೆ. ಬರೆಯಲು ಬಾರದವರು ಹೇಳುತ್ತಾರೆ, ನಾನು ಬರೆದು ಓದಿ ತೋರಿಸುತ್ತೇನೆ.

ಆ ವಿಜಯಪುರದ ಡ್ರೆಸ್ ದಾದಾ ಸಿನಿಮಾ ನೋಡಿದ್ರಾ? ಏನಂದ್ರು?

ನೋಡಿದರು. ದೊಡ್ಡ ಆವೃತ್ತಿಯನ್ನೇ ತೋರಿಸಿದೆ, ನಮ್ಮ ಮನೆಯಲ್ಲಿ, ಲ್ಯಾಪ್‌ಟಾಪಿನಲ್ಲಿ. ಸೊಸೆಯನ್ನೂ ಮೊಮ್ಮಗನನ್ನೂ ಕರೆದುಕೊಂಡು ಬಂದಿದ್ದರು. ತಮ್ಮ ಮಾತು ಬಂದಾಗ ಕಣ್ಣು ಕೆಳಗೆ. ಮೊಮ್ಮಗ ‘ಅಜ್ಜಾ, ನೀನ!’ ಅಂತ ಕೂಗಿದಾಗ ಅವನ ಬಾಯಿ ಮುಚ್ಚಿದರು. ಮಾತು ಮುಗಿದು ಅಂಗಿಯ ಕ್ಲೋಸಪ್ ಬಂತು. ತಟ್ಟನೆ ಕೈ ಎತ್ತಿದರು. ‘ನಿಲ್ಲಸ್ರೀ. ಹಿಂದ ಹೋಗ್ರಿ.’

ಹಿಂದೆ ಹೋದೆ. ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು.

‘ಇದು ನಂದಲ್ರೀ. ಅವತ್ತ ಎರಡ ಅಂಗಿ ಇದ್ವು. ಒಂದ ಹರದ್ರ ಇನ್ನೊಂದ ಬೇಕಲ್ಲಾ. ಈ ಎರಡನೇದ್ದ ಮಾಡಿದಾವ ಬ್ಯಾರೆ. ಹೊಸಾ ಹುಡುಗ. ಕಾಲರ್ ನೋಡ್ರಿ, ಎಷ್ಟ ಚಂದ ತಿಕ್ಕ್ಯಾನ. ಅವನ ಹೆಸರ ಹಾಕ್ರಿ.’

ಆ ಹುಡುಗನ ನಂಬರೂ ಅವರೇ ಕೊಟ್ಟರು. ಕ್ರೆಡಿಟ್‌ನಲ್ಲಿ ಒಂದು ಸಾಲು ಸೇರಿಸಿ ಮತ್ತೆ ಎಕ್ಸ್‌ಪೋರ್ಟಿಗೆ ಹಾಕಿದೆ. ನನ್ನ ಹಳೆ ಲ್ಯಾಪ್‌ಟಾಪಿಗೆ ನಾಲ್ಕು ಗಂಟೆ ಹಿಡಿಯಿತು.